ಐಸ್ ಹಾಕದ ಶರಬತ್ತು

ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನ ಎದುರು ಬೀದಿದೀಪಗಳು ಇನ್ನೂ ಆರಿಲ್ಲ. ರೈಲಿಳಿದವರು ಚೀಲಗಳನ್ನೂ ನಿದ್ದೆಗಣ್ಣಿನ ಮಕ್ಕಳನ್ನೂ ಹೊತ್ತುಕೊಂಡು ಆಟೊದವರ ಜೊತೆ ಚೌಕಾಸಿಗೆ ನಿಂತಿದ್ದಾರೆ. ಕಾಂಪೌಂಡಿಗೆ ಸರಪಳಿ ಬಿಗಿದ ತಳ್ಳುಬಂಡಿಯ ಬೀಗ ತೆಗೆದು ಮಲ್ಲಣ್ಣ ಅದನ್ನು ರಸ್ತೆಯಂಚಿಗೆ ಎಳೆದು ತರುತ್ತಾರೆ. ಹಲಗೆ ತೊಳೆದು, ಗೋಣಿಚೀಲದಿಂದ ನಿಂಬೆಹಣ್ಣು ಸುರಿದು, ಒಂದೊಂದನ್ನೇ ಅಂಗೈ ಕೆಳಗೆ ಒತ್ತಿ ಹೊರಳಿಸಲು ಶುರು ಮಾಡುತ್ತಾರೆ. ಹಾಗೆ ಹೊರಳಿಸಿದರೆ ರಸ ಸಲೀಸಾಗಿ ಬಿಡುತ್ತದೆ. ತೆಳು ಸಿಪ್ಪೆಯವು ಮುಂದೆ, ದಪ್ಪ ಸಿಪ್ಪೆಯವು ಹಿಂದೆ. ವರ್ಷಗಟ್ಟಲೆ ಇದೇ ಕೆಲಸ ಮಾಡಿ ಅವರ ಬಲ ಅಂಗೈ ನುಣುಪಾಗಿ ಬೆಳ್ಳಗಾಗಿದೆ. ಎಡಗೈ ಮಾತ್ರ ಲಿಂಗಸುಗೂರು ಕಡೆಯ ಹೊಲದಿಂದ ತಂದಾಗ ಹೇಗಿತ್ತೋ ಹಾಗೇ ಒರಟಾಗಿದೆ.

ಮೊದಲ ಗ್ಲಾಸು ಯಾವತ್ತೂ ಬಂಡೆಪ್ಪನವರದು. ಇದೇ ಸ್ಟೇಷನ್ನಿನಲ್ಲಿ ಹಮಾಲಿ ಮಾಡುವ ಬಂಡೆಪ್ಪ ಮಲ್ಲಣ್ಣನವರ ಪಕ್ಕದೂರಿನವರು. ಪೂರ್ತಿ ಕುಡಿದು, ಗ್ಲಾಸು ಬೋರಲು ಹಾಕಿ, ಬಾಯಿ ಒರೆಸಿಕೊಂಡ ಮೇಲೆ ಅವರು ತಕರಾರು ತೆಗೆಯುತ್ತಾರೆ.

"ಉಪ್ಪು ಕಮ್ಮಿ ಆತು ನೋಡೋ ಮಲ್ಲಣ್ಣ."

"ಕುಡದು ಮುಗಿಸಿ ಹೇಳ್ತೀಯಲ್ಲೋ. ಮೊದಲ ಹೇಳಿದ್ರ ಹಾಕ್ತಿದ್ದಿಲ್ಲೇನು?"

ಇವರಿಬ್ಬರ ಬೆಳಗು ಆಗುವುದೇ ಹೀಗೆ.

ನಾಂಪಲ್ಲಿಗೆ ಗೊತ್ತಿರುವುದು ಈ ಶರಬತ್ತು: ಸೋಡಾ, ಐಸು, ಚಿಟಿಕೆ ಮಸಾಲೆ. ಮಲ್ಲಣ್ಣನವರ ಕೈಯಲ್ಲಿ ಇನ್ನೊಂದು ಶರಬತ್ತಿದೆ, ಅದಕ್ಕೆ ಐಸ್ ಹಾಕುವುದಿಲ್ಲ. ಅದರ ರುಚಿ ಬಲ್ಲವರು ಈ ಊರಿನಲ್ಲಿ ಹಟ ಹಿಡಿದು ಹಸಿದು ಕೂತವರು ಮಾತ್ರ. ಪ್ರತ್ಯೇಕ ತೆಲಂಗಾಣಕ್ಕಾಗಿ ವಿದ್ಯಾರ್ಥಿಗಳು ಬೀದಿಗಿಳಿದ ದಿನಗಳಿಂದ ಹಿಡಿದು ಇವತ್ತಿನ ನೌಕರಿ ಹೋರಾಟಗಳವರೆಗೆ ಎಷ್ಟೋ ಶಾಮಿಯಾನಗಳ ಕೆಳಗೆ ಉಪವಾಸ ಮುಗಿದದ್ದು ಇವರ ಶರಬತ್ತಿನಿಂದ. ಉಪವಾಸ ಕೂರುವುದಕ್ಕೆ ಹಟವೊಂದಿದ್ದರೆ ಸಾಕು, ಏಳುವುದಕ್ಕೆ ಮಾತ್ರ ಇಲ್ಲೊಂದು ಶಾಸ್ತ್ರವೇ ಇದೆ. ತಾನಾಗಿ ಎದ್ದು ಹೋಗಿ ಉಣ್ಣುವಂತಿಲ್ಲ. ಹಿರಿಯರೊಬ್ಬರು ಬರಬೇಕು, ಮಾತು ಕೊಡಬೇಕು, ನಿಂಬೆ ಶರಬತ್ತಿನ ಗ್ಲಾಸನ್ನು ತಮ್ಮ ಕೈಯಾರೆ ತುಟಿಗೆ ಹಿಡಿಯಬೇಕು. ಮರುದಿನದ ಪತ್ರಿಕೆಯಲ್ಲಿ ಹಿರಿಯರ ಮುಖ ಬರುತ್ತದೆ, ಹಸಿದವರ ಮುಖ ಬರುತ್ತದೆ. ಶರಬತ್ತು ಮಾಡಿದವರು ಆ ಹೊತ್ತಿಗೆ ಶಾಮಿಯಾನದ ಹಿಂದೆ ಗ್ಲಾಸು ತೊಳೆಯುತ್ತಿರುತ್ತಾರೆ.

ಈ ಕೆಲಸಕ್ಕೆ ಅವರನ್ನು ಯಾರೂ ಕರೆದು ನೇಮಿಸಲಿಲ್ಲ. ಇದು ಒಂದು ಎಡವಟ್ಟಿನಿಂದ ಗಂಟುಬಿದ್ದದ್ದು.

ಎರಡು ಸಾವಿರದ ಒಂಬತ್ತರ ಡಿಸೆಂಬರ್. ಆಗ ಮಲ್ಲಣ್ಣನವರ ಬಂಡಿ ವಿಶ್ವವಿದ್ಯಾಲಯದ ಗೇಟಿನ ಹತ್ತಿರ ನಿಲ್ಲುತ್ತಿತ್ತು. ಊರಿಗೆ ಊರೇ ಕುದಿಯುತ್ತಿದ್ದ ಕಾಲ. ಹುಡುಗರು ತರಗತಿಗಿಂತ ಮೆರವಣಿಗೆಗಳಲ್ಲೇ ಹೆಚ್ಚು ಸಿಗುತ್ತಿದ್ದರು. ಗೇಟಿನ ಪಕ್ಕದ ಶಾಮಿಯಾನವೊಂದರಲ್ಲಿ ವರಂಗಲ್ ಕಡೆಯ ಎಂ.ಎ. ವಿದ್ಯಾರ್ಥಿ ಸಮ್ಮಯ್ಯ ನಾಲ್ಕು ದಿನದಿಂದ ಊಟ ಬಿಟ್ಟು ಕೂತಿದ್ದ. ಹಿರಿಯ ಪ್ರಾಧ್ಯಾಪಕರೊಬ್ಬರು ಬಂದು ಅವನ ಮನವೊಲಿಸಿದರು. ಹುಡುಗರಿಬ್ಬರು ಬಂಡಿಗೆ ಓಡಿಬಂದು, "ಮಲ್ಲನ್ನಾ, ಒಂದು ನಿಮ್ಮರಸಂ, ಜಲ್ದಿ" ಎಂದು ನಿಂಬೆ ಶರಬತ್ತು ಕೇಳಿದರು. ಹಸಿದ ಹುಡುಗ, ಪಾಪ ಎಂದು ಮಲ್ಲಣ್ಣ ಗಿರಾಕಿಗೆ ಕೊಡುವುದಕ್ಕಿಂತ ಧಾರಾಳವಾಗಿ ಕೊಟ್ಟರು: ಎರಡು ಹಣ್ಣಿನ ರಸ, ಕೈತುಂಬ ಸಕ್ಕರೆ, ತಣ್ಣಗಿನ ಸೋಡಾ, ಮೇಲೆ ಐಸು.

ಸಮ್ಮಯ್ಯ ಗಟಗಟನೆ ಕುಡಿದ. ಸ್ವಲ್ಪ ಹೊತ್ತಿಗೇ ಹೊಟ್ಟೆ ಹಿಡಿದುಕೊಂಡು ಮುದುಡಿದ, ಪ್ರಾಧ್ಯಾಪಕರ ಮೈಮೇಲೆಯೇ ವಾಂತಿ ಮಾಡಿಕೊಂಡ, ಕಣ್ಣು ಮೇಲೆ ಮಾಡಿದ. "ಶರಬತ್ತಿನಲ್ಲಿ ಏನೋ ಹಾಕಿದ್ದಾರೆ" ಎಂದು ಒಬ್ಬ ಕೂಗಿದ. "ಬಂಡಿಯವನು ಹೊರಗಿನವನು" ಎಂದು ಇನ್ನೊಬ್ಬ. ಜನಕ್ಕೆ ಅಷ್ಟು ಸಾಕಾಯಿತು. ಬಂಡಿ ಮಗುಚಿ ಬಿತ್ತು, ಸೋಡಾ ಬಾಟಲಿಗಳು ಒಡೆದವು, ನಿಂಬೆಹಣ್ಣುಗಳು ರಸ್ತೆಯ ತುಂಬ ಉರುಳಾಡಿದವು. ಮಲ್ಲಣ್ಣನವರಿಗೆ ಬಿದ್ದ ಏಟುಗಳ ಲೆಕ್ಕ ಅವರೇ ಇಟ್ಟಿಲ್ಲ.

"ಹೊಡತ ತಿಂದಿದ್ದು ಏನೂ ಅನ್ನಿಸಲಿಲ್ರಿ," ಎನ್ನುತ್ತಾರೆ ಈಗ. "ಆ ಹುಡುಗ ಸತ್ತು ಗಿತ್ತಾನು ಅಂತ ಎದಿ ಢವಢವ ಅನ್ನಾಕತ್ತಿತ್ತು. ಹಸದಾಂವಗ ಕುಡಿಸೂದೂ ತಪ್ಪಾಕ್ಕೈತಿ ಅಂತ ಯಾರಿಗೆ ಗೊತ್ತಿತ್ರಿ?"

ಬೇರೆ ಯಾರೇ ಆಗಿದ್ದರೂ ಅಂದೇ ಊರಿನ ಬಸ್ಸು ಹತ್ತುತ್ತಿದ್ದರು. ಇವರು ಹರಿದ ಅಂಗಿಯಲ್ಲೇ ಆಸ್ಪತ್ರೆಗೆ ಹೋದರು. ವಾರ್ಡಿನ ಬಾಗಿಲಲ್ಲಿ ಆಯಾ ಯಂಕಮ್ಮ ಸಿಕ್ಕರು. ನಡೆದದ್ದನ್ನು ಕೇಳಿ ಆಕೆ ಬೈದ ಬೈಗುಳ ಮಲ್ಲಣ್ಣನವರಿಗೆ ಇನ್ನೂ ಬಾಯಿಪಾಠ. ನಾಲ್ಕು ದಿನ ಬೀಗ ಹಾಕಿದ ಮನೆಯ ಬಾಗಿಲನ್ನು ಒದ್ದು ತೆಗೆಯುತ್ತಾರೇನಯ್ಯಾ ಎಂದು ತೆಲುಗಿನಲ್ಲಿ ಝಾಡಿಸಿದ ಆ ತಾಯಿ, ಕೊನೆಗೆ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿಕೊಟ್ಟರು. ಕಾಯಿಸಿದ ನೀರು, ಉಗುರುಬೆಚ್ಚಗಿರಬೇಕು. ಅರ್ಧ ಹಣ್ಣಿಗಿಂತ ಹೆಚ್ಚು ಬೇಡ. ಚಿಟಿಕೆ ಉಪ್ಪು, ಬಾಯಿಗೆ ಹಿತವಾಗುವಷ್ಟೇ ಸಕ್ಕರೆ. ಒಂದೊಂದೇ ಚಮಚ, ನಡುನಡುವೆ ಬಿಡುವು. ಐಸು, ಸೋಡಾ ಹತ್ತಿರ ಸುಳಿಯಕೂಡದು.

ಒಳಗೆ ಮಲಗಿದ್ದ ಸಮ್ಮಯ್ಯ ಕಣ್ಣು ಬಿಟ್ಟಿದ್ದ. ಮಲ್ಲಣ್ಣನವರನ್ನು ಕಂಡು ಮೊದಲು ನಕ್ಕವನು ಅವನೇ. ಇದು ವಿಷವಲ್ಲ, ಪ್ರೀತಿ ಜಾಸ್ತಿಯಾದದ್ದು ಎಂದು ಗೆಳೆಯರಿಗೆ ತಿಳಿಹೇಳಿ ಬಂಡಿಯನ್ನು ಎತ್ತಿ ನಿಲ್ಲಿಸಲು ಕಳಿಸಿದ. ಕೆಲವು ದಿನಗಳ ಮೇಲೆ ಇನ್ನೊಂದು ಶಾಮಿಯಾನದಲ್ಲಿ ಉಪವಾಸ ಮುಗಿಯುವ ಹೊತ್ತಿಗೆ, ಮಲ್ಲನ್ನನನ್ನೇ ಕರೆಯಿರಿ, ಈ ತಪ್ಪನ್ನು ಇನ್ನೆಂದೂ ಮಾಡದ ಮನುಷ್ಯ ಊರಿಗೆ ಅವನೊಬ್ಬನೇ ಎಂದ. ಅವತ್ತು ಶುರುವಾದದ್ದು ಇಂದಿಗೂ ನಿಂತಿಲ್ಲ.

ಕರೆ ಬಂದರೆ ಮಲ್ಲಣ್ಣ ಬಂಡಿಯನ್ನು ಬಂಡೆಪ್ಪನವರ ವಶಕ್ಕೆ ಬಿಟ್ಟು, ಹೆಂಡತಿ ಗದಿಗೆಮ್ಮ ಕಾಯಿಸಿ ತುಂಬಿಕೊಟ್ಟ ಸ್ಟೀಲ್ ಕ್ಯಾನು ಹಿಡಿದು ಬಸ್ಸು ಹತ್ತುತ್ತಾರೆ. ಕ್ಯಾನಿಗೆ ಹಳೆಯ ಕಂಬಳಿಯ ತುಂಡು ಸುತ್ತಿರುತ್ತದೆ. ಅಲ್ಲಿ ಅವರ ಜಗಳವೆಲ್ಲ ಫೋಟೋದವರ ಜೊತೆ. ಎರಡು ಬೆರಳು ಶರಬತ್ತು ಹಾಕಿದರೆ ಫೋಟೋದಲ್ಲಿ ಗ್ಲಾಸು ಖಾಲಿ ಕಾಣುತ್ತದೆ, ತುಂಬಿಸು ಎಂದು ಅವರು. ತುಂಬಿಸಿದರೆ ಹಿರಿಯರು ಹುರುಪಿನಲ್ಲಿ ಪೂರ್ತಿ ಕುಡಿಸಿಬಿಡುತ್ತಾರೆ ಎಂದು ಇವರು. ಕಡೆಗೊಂದು ರಾಜಿಯಾಗಿದೆ. ಫೋಟೋಕ್ಕೆ ಉದ್ದನೆಯ ಗ್ಲಾಸು, ಕುಡಿಯಲು ಬಟ್ಟಲು ಮತ್ತು ಚಮಚ.

"ಇದು ನಿಮ್ಮ ರಾಜ್ಯದ ಜಗಳ ಅಲ್ಲ, ನಿಮಗ್ಯಾಕೆ" ಎಂದು ಕೇಳಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮಲ್ಲಣ್ಣ ಸಿಟ್ಟಾಗುವುದಿಲ್ಲ. "ನಮ್ಮ ಮುತ್ಯಾ ಹೈದರಾಬಾದ್ ಅಂದ್ರ ನಮ್ಮ ರಾಜಧಾನಿ ಅಂತಿದ್ದ. ಗೆರಿ ಎಳದಿದ್ದು ಆಮ್ಯಾಲ. ಈ ಹುಡುಗ್ರು ಇನ್ನೊಂದು ಗೆರಿ ಎಳೀರಿ ಅಂತ ಕುಂತಿದ್ರು. ನನಗ ಗೆರಿ ವಿಚಾರ ಭಾಳ ತಿಳಿಯಂಗಿಲ್ರಿ. ಹಸದ ಮಾರಿ ತಿಳೀತೈತಿ."

ತಿಳಿಯಲು ಕಾರಣವೂ ಇತ್ತು. ರಾಜ್ಯಕ್ಕಾಗಿ ಎಲ್ಲರೂ ಕೆಲಸ ನಿಲ್ಲಿಸಿದ ಆ ಉದ್ದನೆಯ ಮುಷ್ಕರದಲ್ಲಿ ಬಸ್ಸಿಲ್ಲ, ಗಿರಾಕಿಯಿಲ್ಲ, ಗದಿಗೆಮ್ಮನವರಿಗೆ ಸನತ್‌ನಗರದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸವೂ ಇಲ್ಲ. ಆಗ ಚಳವಳಿಯವರು ರಸ್ತೆ ತಡೆದು, ನಡುರಸ್ತೆಯಲ್ಲೇ ಒಲೆ ಹೂಡಿ, ಅಡುಗೆ ಮಾಡಿ ಎಲ್ಲರಿಗೂ ಬಡಿಸುತ್ತಿದ್ದರು. ಪುಟ್ಟ ಮಗಳು ಗುರುದೇವಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಗಂಡ ಹೆಂಡತಿ ಅಲ್ಲಿ ಉಂಡು ಬಂದ ದಿನಗಳಿವೆ. ಮುಷ್ಕರ ಒಲೆ ಆರಿಸಿದ್ದೂ ಹೌದು, ಹೊಟ್ಟೆ ನೋಡಿಕೊಂಡದ್ದೂ ಹೌದು ಎಂದು ನಗುತ್ತಾರೆ ಗದಿಗೆಮ್ಮ. ರಾಜ್ಯ ಬಂದ ದಿನ ಊರೆಲ್ಲ ಪಟಾಕಿ ಹೊಡೆಯಿತು. ನೀವೇನು ಮಾಡಿದಿರಿ ಎಂದರೆ ಮಲ್ಲಣ್ಣನವರ ಮುಖ ಅರಳುತ್ತದೆ. "ಅವತ್ತು ಎಲ್ಲಾರಿಗೂ ಐಸ್ ಹಾಕಿ ಕೊಟ್ನಿರಿ."

ರಾಜ್ಯ ಬಂದರೆ ನೌಕರಿ ಬರುತ್ತದೆ ಎಂಬುದು ಆ ಹುಡುಗರ ದೊಡ್ಡ ನಂಬಿಕೆಯಾಗಿತ್ತು. ರಾಜ್ಯ ಬಂತು, ನೌಕರಿಯ ದಾರಿ ಉದ್ದವಾಯಿತು, ಶಾಮಿಯಾನಗಳು ಮತ್ತೆ ಎದ್ದವು. ಬಂಡಿ ನಾಂಪಲ್ಲಿಗೆ ಬಂದರೂ ಕರೆಗಳು ಬೆನ್ನು ಬಿಡಲಿಲ್ಲ. ಈ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಬಂದ ಕರೆ ಮಾತ್ರ ಹೊರಗಿನಿಂದ ಬಂದದ್ದಲ್ಲ, ಮನೆಯೊಳಗಿನಿಂದ ಬಂದದ್ದು.

ಗುರುದೇವಿ ಡಿಗ್ರಿ ಮುಗಿಸಿ, ಅಮೀರ್‌ಪೇಟೆಯ ಕೋಚಿಂಗ್ ಸೆಂಟರಿನಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳು ಕಾದಿದ್ದ ಪರೀಕ್ಷೆ ಮೂರು ಸಲ ಮುಂದಕ್ಕೆ ಹೋಯಿತು. ಇನ್ನೊಂದು ಸಲ ಹೋದರೆ ಅವಳ ಜೊತೆಯ ಎಷ್ಟೋ ಮಂದಿಗೆ ವಯಸ್ಸು ಮೀರುತ್ತದೆ. ಐದು ಜನ ಇಂದಿರಾ ಪಾರ್ಕಿನ ಹತ್ತಿರ ಧರಣಿ ಜಾಗದಲ್ಲಿ ಉಪವಾಸ ಕೂರುವುದೆಂದು ತೀರ್ಮಾನಿಸಿದರು. ಅವರಲ್ಲಿ ಗುರುದೇವಿಯೇ ಚಿಕ್ಕವಳು. ಹಿಂದಿನ ದಿನ ಮನೆಯಲ್ಲಿ ಅವಳು ಹೇಳಿದ್ದು ಒಂದೇ ಮಾತು.

"ಅವ್ವಾ, ನಾಳಿಂದ ನನಗ ಬುತ್ತಿ ಕಟ್ಟಬ್ಯಾಡ."

ಮಲ್ಲಣ್ಣನವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಎಲ್ಲಾ ನಿಮ್ಮಿಂದ," ಎಂದು ಗದಿಗೆಮ್ಮ ಗಂಡನ ಮೇಲೆ ಹರಿಹಾಯ್ದರು. "ಸಣ್ಣಾಕಿ ಇದ್ದಾಗ ಆ ಟೆಂಟಿಗೆ, ಈ ಟೆಂಟಿಗೆ ಕರ್ಕೊಂಡು ಅಡ್ಡಾಡಿದ್ರಿ. ಈಗ ನೋಡ್ರಿ." "ಮಂದಿ ಮಕ್ಕಳಿಗೆ ಶಾಬಾಸ್ ಅಂದ ಬಾಯಿಲೆ ನನ್ನ ಮಗಳಿಗೆ ಬ್ಯಾಡ ಅನ್ನಾಕ ಬರ್ತೈತೇನ್ರಿ?" ಎಂದು ಮಲ್ಲಣ್ಣ ಈಗಲೂ ಕೇಳುತ್ತಾರೆ.

ನಾಲ್ಕನೆಯ ದಿನ ಫೋನ್ ಬಂತು. ಮಾಡಿದವರು ಸಮ್ಮಯ್ಯ. ಈಗ ಜೂನಿಯರ್ ಕಾಲೇಜಿನ ಮೇಷ್ಟ್ರು, ತಲೆಗೂದಲು ಅರ್ಧ ಹೋಗಿದೆ, ಹೋರಾಟದ ಹುಡುಗರ ಬೆನ್ನಿಗೆ ನಿಲ್ಲುವ ಚಾಳಿ ಮಾತ್ರ ಹೋಗಿಲ್ಲ. ಇಲಾಖೆಯ ದೊಡ್ಡ ಅಧಿಕಾರಿ ಬರುತ್ತಿದ್ದಾರೆ, ಉಪವಾಸ ಬಿಡಿಸುತ್ತಾರೆ, ಕ್ಯಾನು ತೆಗೆದುಕೊಂಡು ಬಾ ಎಂದರು. ಮಲ್ಲಣ್ಣ ಹೋಗಿ ನೋಡುತ್ತಾರೆ, ಮಗಳ ತುಟಿ ಒಡೆದಿದೆ, ಕಣ್ಣು ಗುಳಿ ಬಿದ್ದಿವೆ. ಬಂದಿದ್ದ ನರ್ಸು ನಾಡಿ ಹಿಡಿದು, ಇವತ್ತೇ ಮುಗಿದರೆ ಒಳ್ಳೆಯದು ಎಂದಳು. ಐದು ಗ್ಲಾಸು ಸಿದ್ಧವಾದವು.

ಅಧಿಕಾರಿ ಒಳ್ಳೆಯ ಮಾತೇ ಆಡಿದರು. ನಾವು ನಿಮ್ಮ ಜೊತೆಗಿದ್ದೇವೆ, ಪರೀಕ್ಷೆ ಆದಷ್ಟು ಬೇಗ ಆಗುತ್ತದೆ ಎಂದರು. ಚಪ್ಪಾಳೆ ಬಿತ್ತು. ಚಿಕ್ಕವಳು, ಸೋತಿದ್ದಾಳೆ ಎಂದು ಮೊದಲ ಗ್ಲಾಸನ್ನು ಗುರುದೇವಿಯ ತುಟಿಗೆ ಹಿಡಿದರು. ಕ್ಯಾಮೆರಾಗಳು ಮುಂದೆ ಬಂದವು. ಅವಳು ಬಾಯಿ ತೆರೆಯಲಿಲ್ಲ. ಅಧಿಕಾರಿಯ ಭುಜದಾಚೆ ಕ್ಯಾನು ಹಿಡಿದು ನಿಂತಿದ್ದ ಅಪ್ಪನನ್ನು ನೋಡಿ ಕನ್ನಡದಲ್ಲಿ ಕೇಳಿದಳು.

"ಅಪ್ಪಾ, ಏನ್ ಮಾಡ್ಲಿ? ಕುಡೀಲೋ, ಬ್ಯಾಡೋ?"

ಅಷ್ಟು ಜನರ ನಡುವೆ ಆ ಮಾತು ತಿಳಿದವರು ಅವರಿಬ್ಬರೇ. ಯಾವ ಶಾಮಿಯಾನದಲ್ಲೂ ಯಾರೂ ಮಲ್ಲಣ್ಣನವರನ್ನು ಏನನ್ನೂ ಕೇಳಿರಲಿಲ್ಲ. ನೀರು ಬೆಚ್ಚಗಿದೆಯೇ ಎಂಬುದರ ಹೊರತು. ಕೇಳಿದವಳು ಹೆತ್ತ ಮಗಳು.

"ಕುಡಿ ಅಂದಿದ್ರ ಕುಡೀತಿದ್ಳುರಿ. ಮನಿಗೆ ಕರ್ಕೊಂಡು ಹೋಗಿ ಗಂಜಿ ಕಾಸಿ ಕುಡಸ್ತಿದ್ವಿ. ನಾಲಿಗಿ ತುದಿಗೆ ಬಂದಿತ್ತು. ಆದ್ರ ಇಷ್ಟು ವರ್ಷ ಗ್ಲಾಸ್ ತೊಳದೀನ್ರಿ. 'ಆದಷ್ಟು ಬೇಗ' ಅಂತ ಕುಡಿಸಿ ಎಬ್ಬಿಸಿದ ಹುಡುಗ್ರು ತಿರುಗಿ ಅದ ಜಾಗಾಕ್ಕ ಬಂದು ಕುಂತಿದ್ದು ನೋಡೀನಿ. ಎರಡನೇ ಸಲ ಕುಂತಾಗ ಮೈಯಾಗ ಕಸುವು ಇರಂಗಿಲ್ಲ."

ಅವರು ಮಗಳಿಗೆ ಅಂದದ್ದು ಇಷ್ಟೇ. "ತಾರೀಖು ಕೇಳವ್ವ. ಹೇಳಿದ್ರ ಕುಡಿ."

ಗುರುದೇವಿ ತೆಲುಗಿನಲ್ಲಿ ಕೇಳಿದಳು. ಅಧಿಕಾರಿಯ ನಗು ಅರ್ಧಕ್ಕೆ ನಿಂತಿತು. ಅದು ಮೇಲಿನವರು ತೀರ್ಮಾನಿಸುವುದು, ನನ್ನ ಕೈಯಲ್ಲಿಲ್ಲ ಎಂದರು. ಉಳಿದ ನಾಲ್ವರೂ ತಮ್ಮ ಮುಂದಿನ ಗ್ಲಾಸನ್ನು ದೂರ ಸರಿಸಿದರು. ಸಾಹೇಬರು ಹಿಡಿದ ಗ್ಲಾಸು ಹಿಡಿದ ಹಾಗೇ ಉಳಿಯಿತು, ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತೋಚಲಿಲ್ಲ. ಮಲ್ಲಣ್ಣ ಮುಂದೆ ಹೋಗಿ, ಆ ಗ್ಲಾಸನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡು, "ಠಂಡಾ ಹೋ ಗಯಾ ಸಾಬ್" ಎಂದರು. ಆರಿಹೋಗಿದೆ, ಉಪವಾಸದವರಿಗೆ ಆಗಿಬರುವುದಿಲ್ಲ ಎಂಬ ಹಾಗೆ. ಸಾಹೇಬರ ಮರ್ಯಾದೆಯೂ ಉಳಿಯಿತು. ಐದೂ ಗ್ಲಾಸಿನ ಶರಬತ್ತು ಪಕ್ಕದ ಬೇವಿನ ಮರದ ಬುಡ ಸೇರಿತು.

ಮನೆಯಲ್ಲಿ ಗದಿಗೆಮ್ಮ ಕಾದಿದ್ದರು. "ಊರ ಮಂದಿ ಮಕ್ಕಳಿಗೆಲ್ಲ ಕುಡಿಸ್ತೀರಿ. ಹೆತ್ತ ಮಗಳ ಬಾಯಾಗಿಂದು ಕಸ್ಕೊಂಡು ಬಂದ್ರೇನು?" ಬೆಳಗಾಗುತ್ತಲೇ ಗದಿಗೆಮ್ಮ ಎಂದಿನಂತೆ ನೀರು ಕಾಯಿಸಿ, ಕ್ಯಾನು ತುಂಬಿ, ಕಂಬಳಿ ಸುತ್ತಿ ಹೊಸಿಲ ಮೇಲೆ ಇಟ್ಟರು. ತಾವೂ ಸೀರೆ ಬದಲಿಸಿ ಗಂಡನ ಹಿಂದೆಯೇ ಹೊರಟರು.

ಅವತ್ತು ಮಧ್ಯಾಹ್ನ ಅದೇ ಅಧಿಕಾರಿ ಮತ್ತೆ ಬಂದರು. ಈ ಸಲ ಮೈಕಿನ ಮುಂದೆ ನಿಂತು ತಾರೀಖು ಹೇಳಿದರು. ಶಾಮಿಯಾನದ ಕೆಳಗೆ ಎದ್ದ ಕೇಕೆ ಪಾರ್ಕಿನ ಒಳಗೆ ಮಲಗಿದ್ದವರನ್ನೂ ಎಬ್ಬಿಸಿತಂತೆ. ಗುರುದೇವಿ ಬಾಯಿ ತೆರೆದಳು. ಫೋಟೋಕ್ಕೆ ಒಂದು ಗುಟುಕು ಸಾಹೇಬರ ಕೈಯಿಂದ. ಉಳಿದದ್ದನ್ನು ಗದಿಗೆಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಕುಡಿಸಿದರು. ಪರೀಕ್ಷೆ ಹೇಳಿದ ದಿನವೇ ನಡೆಯಿತು. ಫಲಿತಾಂಶ ಇನ್ನೂ ಬಂದಿಲ್ಲ. ಗುರುದೇವಿ ಈಗ ಮುಂದಿನ ಪರೀಕ್ಷೆಗೆ ಓದುತ್ತಿದ್ದಾಳೆ, ಅಮೀರ್‌ಪೇಟೆಯಿಂದ ಮರಳುವಾಗ ಅಪ್ಪನ ಬಂಡಿಯ ಹತ್ತಿರ ಇಳಿದು ಒಂದು ಗ್ಲಾಸು ಕುಡಿದೇ ಮನೆಗೆ ಹೋಗುತ್ತಾಳೆ. ಅವಳಿಗೆ ಡಬಲ್ ಐಸು ಬೇಕು.

ಕಥೆ ಇಲ್ಲಿಗೆ ಮುಗಿಯಿತು ಎನ್ನುವಷ್ಟರಲ್ಲಿ, ಬಂಡಿಯ ಪಕ್ಕ ಕೂತು ಬೀಡಿ ಹಚ್ಚಿದ್ದ ಬಂಡೆಪ್ಪ ಬಾಯಿ ಹಾಕುತ್ತಾರೆ. "ಆ ಐದು ದಿನ ನನಗ ಹಬ್ಬ ಇತ್ತು ನೋಡ್ರಿ. ದಿನಾ ಎರಡು ಬುತ್ತಿ."

"ಏ, ಸುಮ್ನ ಕುಂದ್ರಲೇ," ಎಂದು ಮಲ್ಲಣ್ಣ ಗದರುತ್ತಾರೆ.

ಬಂಡೆಪ್ಪ ಸುಮ್ಮನೆ ಕೂರುವ ಪೈಕಿಯಲ್ಲ. ಗದಿಗೆಮ್ಮ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯ ದಿನಾ ಮಧ್ಯಾಹ್ನ ಅವರ ಕೈಗೆ ಬರುತ್ತಿತ್ತಂತೆ. ಮನೆಗೆ ಹೋದರೆ, ಬಂಡಿ ಹತ್ತಿರವೇ ಉಂಡೆ ಎಂದು ಮಲ್ಲಣ್ಣ ಹೆಂಡತಿಗೆ ಹೇಳುತ್ತಿದ್ದರಂತೆ. ಶರಬತ್ತಿನ ಹದ ನೋಡಲು ಒಂದು ಹನಿ ನಾಲಿಗೆಗೆ ಹಾಕಿಕೊಳ್ಳುವ ರೂಢಿ ಇವರದು. ಆ ಐದು ದಿನ ಅದನ್ನೂ ಮಾಡದೆ, ರುಚಿ ನೋಡಲು ಬಂಡೆಪ್ಪನವರನ್ನೇ ಕರೆಯುತ್ತಿದ್ದರಂತೆ. ಮಗಳು ಹಸಿದಿದ್ದ ಅಷ್ಟೂ ದಿನ, ಬಿಸಿಲಲ್ಲಿ ನಿಂತು ಊರ ಬಾಯಾರಿಕೆ ತಣಿಸುತ್ತಲೇ, ಈ ಮನುಷ್ಯ ಬರೀ ನೀರು ಕುಡಿದುಕೊಂಡು ಇದ್ದರು.

ಮಲ್ಲಣ್ಣ ತಲೆಯೆತ್ತುವುದಿಲ್ಲ, ಅಂಗೈ ಕೆಳಗೆ ನಿಂಬೆಹಣ್ಣು ಹೊರಳುತ್ತಲೇ ಇರುತ್ತದೆ. ಹಾಗಾದರೆ ನಿಮ್ಮ ಉಪವಾಸ ಯಾರು ಬಿಡಿಸಿದರು ಎಂದು ಕೇಳಿದರೆ ಅವರಿಗೆ ನಗು ಬರುತ್ತದೆ. "ನಮಗ್ಯಾರು ಬಿಡಿಸ್ತಾರ್ರಿ? ಆಕಿ ಕುಡದಿದ್ದು ಕಣ್ಣಿಲೆ ನೋಡಿದೆ. ಕ್ಯಾನಿನ ತಳದಾಗ ಒಂದೀಟು ಉಳದಿತ್ತು. ಟೆಂಟಿನ ಹಿಂದ ಹೋಗಿ ಕುಡದ್ನಿ." ಇನ್ನೊಂದು ಹಣ್ಣು ಎತ್ತಿಕೊಂಡು, "ಇದನ್ನ ಬರೀಬ್ಯಾಡ್ರಿ. ಆಕಿಗೆ ಗೊತ್ತಾದ್ರ ಜಗಳಾ ಮಾಡ್ತಾಳ. ಅಪ್ಪನ ಹೊಟ್ಟಿ ನೆನಸ್ಕೊಂಡು ಇನ್ನೊಂದ್ ಸಲ ಕುಂದ್ರಾಕ ಹಿಂದ ಮುಂದ ನೋಡ್ತಾಳ," ಎನ್ನುತ್ತಾರೆ.

ಒಬ್ಬ ಗಿರಾಕಿ ಬರುತ್ತಾನೆ. ಸೋಡಾ, ಐಸು, ಮಸಾಲೆ. ಅವನಿಗೆ ಗ್ಲಾಸು ಕೊಟ್ಟು, ಕೈ ಒರೆಸಿಕೊಂಡು, ಏನೋ ನೆನಪಾದವರಂತೆ ಈ ಕಡೆ ತಿರುಗುತ್ತಾರೆ.

"ನಿಮ್ಮ ಪೇಪರ್ ಕನ್ನಡದಾಗ ಬರ್ತೈತಲ್ರಿ?"

ಹೌದು ಎಂದಾಗ ಅವರ ಮುಖ ಹಗುರಾಗುತ್ತದೆ.

"ಹಂಗಾದ್ರ ಬರೀರಿ. ಆಕಿ ಸಾಲಿ ಕಲ್ತಿದ್ದೆಲ್ಲ ತೆಲುಗಿನಾಗ. ಮಾತು ಬರ್ತಾವ, ಅಕ್ಷರ ಬರಂಗಿಲ್ಲ."